ಪೋಣಿಸೋದಾ, ಬೆರೆಸೋದಾ?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರ ಮೇಲಿನ ಕೋಣೆ ನನ್ನದು. ಕೆಳಗೆ ಹಗಲಿಡೀ ಮಷೀನುಗಳ ಸದ್ದು. ಹಾಗಾಗಿ ದನಿ ರೆಕಾರ್ಡ್ ಮಾಡುವುದೇನಿದ್ದರೂ ರಾತ್ರಿ, ಎಡಿಟಿಂಗ್ ಹಗಲು, ಹೆಡ್‌ಫೋನ್ ಒಳಗೆ. ಮೊನ್ನೆ ಮಧ್ಯಾಹ್ನ ಸಿರುಗುಪ್ಪದ ಬಸ್ಸಿಗೆ ಬಂದಿಳಿದ ನನ್ನ ಪ್ರೈಮರಿ ಶಾಲೆಯ ಮಾಸ್ತರು ಮೆಟ್ಟಿಲು ಹತ್ತಿ ಬಂದು, ಅಂಗಿ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ಅವರು ನಿವೃತ್ತರಾಗಿ ಹತ್ತು ವರ್ಷ. ಬಯಲಾಟದ ಹುಚ್ಚು ಮಾತ್ರ ಇನ್ನೂ ಸರ್ವೀಸಿನಲ್ಲಿದೆ. ನೀರು ಕುಡಿದು, ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು ಮಾತು ಶುರುಮಾಡಿದರು.

ಮಾಸ್ತರು: ಕುರುಗೋಡು ಕಡೆ ಒಂದು ಹಳ್ಳಿಯಾಗ ಆಟ ಇತ್ತವ್ವಾ. ದ್ರೌಪದಿ ವಸ್ತ್ರಾಪಹರಣ. ರಾತ್ರಿ ಹತ್ತೂವರೆಗೆ ಗಣಪತಿ ಸ್ತುತಿ, ಮಂಗಳ ಹಾಡೋದ್ರಾಗ ಬೆಳಗಿನ ಐದು. ನಾಲ್ಕು ಕಡೆ ರೆಕಾರ್ಡ್ ಮಾಡೀವಿ. ಎಲ್ಲಾ ಸೇರಿಸಿ ಒಂದು ಫೈಲ್ ಮಾಡಿಕೊಡು. ಕುರುಗೋಡು ದೊಡ್ಡ ಬಸವಣ್ಣನ ಹಂಗ ಏಕಶಿಲೆ ಆಗಬೇಕು, ಎಲ್ಲೂ ಕೂಡಿಸಿದ್ದು ಕಾಣಬಾರದು.

ನಾನು: ನಾಲ್ಕು ಕಡೆ ಅಂದ್ರೆ ಎಲ್ಲೆಲ್ಲಿ ಸರ್?

ಮಾಸ್ತರು: ಒಂದು ನನ್ನ ಫೋನು, ಹಾರ್ಮೋನಿಯಂ ಪೆಟ್ಟಿಗೆ ಪಕ್ಕ. ನಾನೂ ಅಲ್ಲೇ ಕೂತಿದ್ದೆ, ಬೆಳತನಕ ಮೇಲೆದ್ದಿಲ್ಲ. ಒಂದು ಮೊಮ್ಮಗಂದು, ಅಟ್ಟದ ಮುಂದ. ಮೂರನೇದು ಮೈಕ್‌ಸೆಟ್‌ನವರ ಮಷೀನಿಗೆ ಪೆನ್‌ಡ್ರೈವ್ ಚುಚ್ಚಿ ಇಳಿಸಿದ್ದು. ನಾಲ್ಕನೇದು ಅಳಿಯಂದು. ಚಾರ್ಜ್ ಇಲ್ಲಂತ ಹಿಂದಿನ ಚಾ ಅಂಗಡಿಯಾಗ ಪಿನ್ ಚುಚ್ಚಿ ಇಟ್ಟಿದ್ದ. ಅದು ಬ್ಯಾಡ ಬಿಡು, ಬರೇ ಗದ್ದಲ.

ನಾನು: ಇಲ್ಲಿ ಐದು ಫೈಲ್ ಇವೆಯಲ್ಲ. ಮೈಕ್‌ಸೆಟ್‌ದು ಎರಡು ತುಂಡಾಗಿದೆ.

ಮಾಸ್ತರು: ನಡುವ ಕರೆಂಟ್ ಹೋಗಿತ್ತು. ಅವೆರಡನ್ನೂ ಸೇರಿಸಿಬಿಡು.

ನಾನು: ಸೇರಿಸೋದು ಅಂದ್ರೆ ಪೋಣಿಸೋದಾ ಸರ್, ಬೆರೆಸೋದಾ?

ಮಾಸ್ತರು: ಎರಡೂ ಒಂದೇ ಅಲ್ಲೇನು?

ನಾನು: ಅಲ್ಲ. ಮೊದಲ ತುಂಡಿನ ಬಾಲಕ್ಕೆ ಎರಡನೇದರ ತಲೆ ಕಟ್ಟಿದರೆ ಅದು ಪೋಣಿಸೋದು, ಮಲ್ಲಿಗೆ ದಂಡೆ ಇದ್ದ ಹಾಗೆ. ಕಟ್ಟಿದಷ್ಟು ಮೊಳ ಉದ್ದ. ಬೆರೆಸೋದು ಅಂದ್ರೆ ನಾಲ್ಕೂ ಒಂದೇ ಹೊತ್ತಿಗೆ, ಒಂದರ ಮೇಲೊಂದು ಕೇಳಬೇಕು. ಅಲ್ಲಿ ಉದ್ದ ಹೆಚ್ಚಲ್ಲ, ಸದ್ದು ಹೆಚ್ಚುತ್ತೆ. ನೀವು ತಂದಿರೋದು ಒಂದೇ ರಾತ್ರಿಯನ್ನ ನಾಲ್ಕು ಕಿವಿ ಕೇಳಿದ್ದು. ಇದನ್ನ ಪೋಣಿಸಿದರೆ ದ್ರೌಪದಿಗೆ ನಾಲ್ಕು ಸಲ ವಸ್ತ್ರಾಪಹರಣ ಆಗುತ್ತೆ.

ಮಾಸ್ತರು: ಶಿವ ಶಿವಾ! ಬೆರಸವ್ವಾ, ಬೆರಸು.

(ನನ್ನ ಬಳಿ ಬರುವವರಲ್ಲಿ ಅರ್ಧ ಜನ ಒಂದನ್ನು ಕೇಳಿ ಇನ್ನೊಂದನ್ನು ಬಯಸುತ್ತಾರೆ. ಇಂಗ್ಲಿಷಿನಲ್ಲೂ ಎರಡಕ್ಕೂ ‘ಮರ್ಜ್’ ಎಂದೇ ಹೇಳಿ ಗೋಜಲು ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಎರಡು ಬೇರೆ ಮಾತಿರುವಾಗ ನಾವು ಯಾಕೆ ಆ ಗೋಜಲು ತರಬೇಕು?)

ಮಾಸ್ತರು: ಇದು ಯಾವ ಸಾಫ್ಟ್‌ವೇರು? ದುಡ್ಡು ಕೊಟ್ಟು ತಗೊಂಡಿಯೇನು?

ನಾನು: ಇಲ್ಲ ಸರ್, ಆಡಾಸಿಟಿ ಅಂತ, ಪುಕ್ಕಟೆ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಜೋನಿ, ರೋಜರ್ ಡ್ಯಾನೆನ್‌ಬರ್ಗ್ ಅನ್ನೋ ಇಬ್ಬರು ಶುರುಮಾಡಿದ್ದು. ಮುಂದಿನ ವರ್ಷ ಮೇ ತಿಂಗಳಲ್ಲಿ ಜನರ ಕೈಗೆ ಬಂತು. ಇವತ್ತಿಗೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನೋಡಿ, ಒಂದೊಂದು ಫೈಲೂ ಒಂದೊಂದು ಪಟ್ಟಿಯಾಗಿ ಮಲಗಿದೆ. ಇದಕ್ಕೆ ಟ್ರ್ಯಾಕ್ ಅಂತಾರೆ.

ಮಾಸ್ತರು: ಭತ್ತದ ಮಡಿ ಕಂಡಂಗ ಕಾಣ್ತೈತಿ.

ನಾನು: ಮಡಿಗಳೇನೋ ಸರಿ, ಆದರೆ ಬದುಗಳು ಒಂದಕ್ಕೊಂದು ಕೂಡ್ತಾ ಇಲ್ಲ. ಮೊಮ್ಮಗ ಹತ್ತೂವರೆಗೇ ಒತ್ತಿದ್ದಾನೆ, ನೀವು ಐದು ನಿಮಿಷ ತಡ, ಮೈಕ್‌ಸೆಟ್‌ನವರು ಇನ್ನೂ ತಡ. ಎಲ್ಲಾ ಟ್ರ್ಯಾಕಿನಲ್ಲೂ ಒಂದೇ ಥರ ಎದ್ದು ಕಾಣೋ ಸದ್ದೊಂದು ಬೇಕು. ಸಿನಿಮಾದವರು ಅದಕ್ಕೇ ಕ್ಲಾಪ್ ಹೊಡೆಯೋದು. ಚಟ್ ಅಂತ ಒಂದು ಚೂಪು ಗೆರೆ ಮೂಡುತ್ತೆ, ಗೆರೆಗೆ ಗೆರೆ ಕೂಡಿಸಿದರೆ ಮುಗೀತು. ನೀವು ಕ್ಲಾಪ್ ಹೊಡೆದಿರಲ್ಲ.

ಮಾಸ್ತರು: ಅಟ್ಟದ ಮುಂದ ತೆಂಗಿನಕಾಯಿ ಒಡೆದ್ರಲ್ಲ!

ನಾನು: ಅದು ಸಿಕ್ತು ನೋಡಿ, ಇಲ್ಲಿ. ನಾಲ್ಕರಲ್ಲೂ ಇದೆ. ಹಾಗೆ ನೋಡಿದರೆ ನಾನು ಈ ಕೂಡಿಸೋ ಕೆಲಸ ಕಲಿತದ್ದೇ ಕಲ್ಲಿನಿಂದ. ಇಲ್ಲೇ ಸಂಗನಕಲ್ಲಿನ ಹತ್ತಿರ ಕುಪ್ಪಗಲ್ಲು ಗುಡ್ಡ ಇದೆಯಲ್ಲ...

ಮಾಸ್ತರು: ಹಿರೇಗುಡ್ಡ. ಬಡಿದರ ಗಂಟೆ ಹಂಗ ನಾದ ಬರೋ ಕಲ್ಲು. ನಮ್ಮ ಶಾಲಿ ಮಕ್ಕಳನ್ನ ಒಮ್ಮೆ ಕರಕೊಂಡು ಹೋಗಿದ್ದೆ. ನೀನು ಆಗ ಐದನೇತ್ತ.

ನಾನು: ಹೌದು, ನಾನು ಕಾಲು ಜಾರಿ ಬಿದ್ದು ಅತ್ತಿದ್ದೆ. ಆ ಕಪ್ಪು ಕಲ್ಲಿಗೆ ಡಾಲರೈಟ್ ಅಂತಾರೆ. ಹೊಸ ಶಿಲಾಯುಗದವರು ಅದರ ಮೇಲೆ ಎತ್ತು, ಮನುಷ್ಯರನ್ನ ಕುಟ್ಟಿ ಕೊರೆದಿದ್ದಾರೆ. ಬಡಿದು ಬಡಿದು ತಗ್ಗಾದ ಗುಳಿಗಳೂ ಇವೆ. 1892ರಲ್ಲೇ ಫಾಸೆಟ್ ಅನ್ನೋನು ಅದರ ಬಗ್ಗೆ ಬರೆದಿದ್ದ. ಆಮೇಲೆ ಹೆಚ್ಚಿನವರು ಮರೆತರು. 2004ರಲ್ಲಿ ನಿಕೋಲ್ ಬೊವಿನ್ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಮತ್ತೆ ಬರೆದ ಮೇಲೆ ಜಗತ್ತಿಗೆಲ್ಲ ಗೊತ್ತಾಯ್ತು. ಅಷ್ಟರಲ್ಲಿ ಗುಡ್ಡದ ಒಂದು ಪಕ್ಕವನ್ನ ಜಲ್ಲಿಗೆ ಅಂತ ಒಡೆಯೋಕೆ ಹತ್ತಿದ್ದರು. ನಾನು ಮೂರು ಫೋನ್ ಬೇರೆ ಬೇರೆ ದೂರದಲ್ಲಿಟ್ಟು ಆ ನಾದ ಹಿಡಿದಿದ್ದೆ. ಒಂದು ಪೆಟ್ಟಿಗೆ ಮೂರು ಗೆರೆ. ದೂರದ ಫೋನಿನ ಗೆರೆ ಒಂಚೂರು ಹಿಂದೆ ಬಿದ್ದಿತ್ತು. ನನ್ನದೇ ತಪ್ಪು ಅಂದ್ಕೊಂಡು ಎರಡು ದಿನ ಒದ್ದಾಡಿದೆ. ತಪ್ಪಲ್ಲ, ಸದ್ದಿಗೂ ನಡೆದು ಬರೋಕೆ ಹೊತ್ತು ಬೇಕು, ಅಷ್ಟೇ.

ಮಾಸ್ತರು: ಸೆಕೆಂಡಿಗೆ ಸುಮಾರು 340 ಮೀಟರು. ನಾನೇ ಕಲಿಸಿದ್ದು.

ನಾನು: ನೀವು ಕಲಿಸಿದ್ದು ಪರೀಕ್ಷೆಗೆ ಉಪಯೋಗಕ್ಕೆ ಬಂತು, ಗುಡ್ಡದ ಮೇಲೆ ನೆನಪಾಗಲಿಲ್ಲ. ಚಾ ಅಂಗಡಿ ಎಷ್ಟು ದೂರ ಇತ್ತು?

ಮಾಸ್ತರು: ಒಂದೈವತ್ತು ಮೀಟರ್ ಇದ್ದೀತು.

ನಾನು: ಹಾಗಾದ್ರೆ ಅಲ್ಲಿಗೆ ಮದ್ದಳೆಯ ಪೆಟ್ಟು ಸೆಕೆಂಡಿನ ಏಳನೇ ಒಂದು ಪಾಲು ತಡವಾಗಿ ಮುಟ್ಟಿದೆ. ಸಾವಿರದಲ್ಲಿ ನಲವತ್ತೈವತ್ತು ಪಾಲು ದಾಟಿದರೆ ಸಾಕು, ಕಿವಿ ಅದನ್ನ ಎರಡನೇ ಪೆಟ್ಟು ಅಂತ ಎಣಿಸುತ್ತೆ. ಗಡಿಯಾರದ ಲೆಕ್ಕ ಹಿಡಿದು ಕೂಡಿಸಿದರೆ ಪ್ರತಿ ತಾಳಕ್ಕೂ ಹಿಂದಿನಿಂದ ಯಾರೋ ಅಣಕಿಸಿದ ಹಾಗೆ ಕೇಳುತ್ತೆ. ಅದಕ್ಕೇ ಗಡಿಯಾರ ಬಿಟ್ಟು ತೆಂಗಿನಕಾಯಿಗೆ ತೆಂಗಿನಕಾಯಿ ಕೂಡಿಸೋದು.

ಮಾಸ್ತರು: ಕೂಡಿತಲ್ಲ. ಇನ್ನೇನು, ಬೆರಸು.

ನಾನು: ತಡೀರಿ. ಶುರುವಿನಲ್ಲಿ ಕೂಡಿದ್ದು ಕೊನೆಗೆ ಕೂಡಲ್ಲ. ಮಂಗಳದ ಕಡೆ ಹೋಗೋಣ... ಕೇಳಿ, ಅಳಿಯನ ಫೋನಿನ ತಾಳ, ಮೊಮ್ಮಗನ ಫೋನಿನ ತಾಳ.

ಮಾಸ್ತರು: ಅಯ್ಯ, ಒಂದು ಮುಂದ ಓಡ್ಯಾತಿ!

ನಾನು: ಪ್ರತಿ ಫೋನಿನೊಳಗೂ ಒಂದು ಹರಳು ಮಿಡಿಯುತ್ತಾ ಇರುತ್ತೆ, ಅದೇ ಗಡಿಯಾರ. ಎರಡು ಫೋನಿನ ಹರಳು ಒಂದೇ ಸಮ ಮಿಡಿಯಲ್ಲ. ಹತ್ತು ಲಕ್ಷಕ್ಕೆ 50 ಹೆಚ್ಚುಕಡಿಮೆ ಆದರೂ ಸಾಕು, ಆರೂವರೆ ಗಂಟೆಯ ಆಟಕ್ಕೆ ಒಂದು ಸೆಕೆಂಡಿನ ಮೇಲೆ ಅಂತರ. ಮೂರು ನಿಮಿಷದ ಸಿನಿಮಾ ಹಾಡಿಗೆ ಇದು ಗೊತ್ತೇ ಆಗಲ್ಲ. ಬಯಲಾಟ ಬಡವರ ಬೆಳತನಕದ ಕಲೆ ಅಲ್ವಾ, ಅದು ಫೋನಿನ ಬಂಡವಾಳ ಬಯಲು ಮಾಡುತ್ತೆ. ಟ್ರ್ಯಾಕನ್ನ ಒಂದು ಕೂದಲಷ್ಟು ಎಳೆದು ಸರಿಮಾಡೋ ದಾರಿ ಇದೆ. ನಾನು ಅದನ್ನ ಮಾಡಲ್ಲ. ಪದ ಮುಗಿದು ಮಾತು ಶುರುವಾಗೋ ಕಡೆ ಕತ್ತರಿಸಿ, ತುಸು ಜರುಗಿಸಿ ಕೂಡಿಸ್ತೀನಿ. ಸಾರಥಿ ಬಂದು ‘ತಾವು ಯಾರು’ ಅಂತ ಕೇಳೋ ಹೊತ್ತಿಗೆ ಜನ ನಗ್ತಾ ಇರ್ತಾರೆ. ಆ ನಗೆಯಲ್ಲಿ ನನ್ನ ಕತ್ತರಿ ಮುಚ್ಚಿಹೋಗುತ್ತೆ.

ಮಾಸ್ತರು: ನಗೆಗಾರಂದು ಎಲ್ಲಾ ಕಾಲಕ್ಕೂ ಅದೇ ಕೆಲಸ.

ನಾನು: ಈಗ ನಾಲ್ಕನ್ನೂ ಒಟ್ಟಿಗೆ ಕೇಳಿಸ್ತೀನಿ. ಹೆಡ್‌ಫೋನ್ ಹಾಕ್ಕೊಳ್ಳಿ.

ಮಾಸ್ತರು: ತೆಗಿ ತೆಗಿ! ಕಿವಿ ಹರೀತೈತಿ.

ನಾನು: ಒಂದು ಲೋಟ ಇದೆ ಸರ್. ಕಂಠಮಟ್ಟ ತುಂಬಿದ ನಾಲ್ಕು ಲೋಟದ ನೀರು ಅದಕ್ಕೆ ಹಿಡಿಯುತ್ತಾ? ಚೆಲ್ಲುತ್ತೆ. ಸದ್ದು ಚೆಲ್ಲೋದು ಅಂದ್ರೆ ಗೆರೆಯ ನೆತ್ತಿ ಚಪ್ಪಟೆಯಾಗಿ ಬಿರುಕು ದನಿ ಬರೋದು. ಒಂದೇ ಥರದ ಎರಡು ಸದ್ದು ಕೂಡಿದರೆ 6 ಡೆಸಿಬೆಲ್ ಏರುತ್ತೆ. ಪ್ರೋಗ್ರಾಮಿನ ಒಳಗೆ ಅದಕ್ಕೆ ಜಾಗ ಇರುತ್ತೆ, ಫೈಲ್ ಮಾಡಿ ಹೊರಗೆ ತೆಗೆಯುವಾಗ ಇರಲ್ಲ. ಅದಕ್ಕೆ ಮೊದಲು ಎಲ್ಲವನ್ನೂ ಇಳಿಸಬೇಕು, ಆಮೇಲೆ ಯಾರು ಮುಂದೆ, ಯಾರು ಹಿಂದೆ ಅಂತ ನಿರ್ಧರಿಸಬೇಕು.

ಮಾಸ್ತರು: ಅದನ್ನ ನಿರ್ಧರಿಸೋರು ಯಾರು?

ನಾನು: ಸದ್ಯಕ್ಕೆ ನಾನು. ಅದೇ ಹೆದರಿಕೆ. ಮೈಕ್‌ಸೆಟ್‌ದನ್ನ ಮುಂದೆ ಇಟ್ಟರೆ ಪಾತ್ರಧಾರಿಯ ಮಾತು ಸ್ವಚ್ಛ, ಆದರೆ ಜನರೇ ಇಲ್ಲದ ಆಟ, ಮುಚ್ಚಿದ ಕೋಣೆಯಲ್ಲಿ ಆಡಿದ ಹಾಗೆ. ನಿಮ್ಮ ಫೋನ್ ಮುಂದಿಟ್ಟರೆ ಹಾರ್ಮೋನಿಯಂ ಪದವನ್ನ ನುಂಗುತ್ತೆ. ನಮ್ಮ ದರೋಜಿ ಈರಮ್ಮನ ಬುರ್ರಕಥೆ ಕೇಳಿದ್ದೀರಲ್ಲ?

ಮಾಸ್ತರು: ಕೇಳದೇನು! ಓದು ಬರಹ ಬರದ ಹೆಣ್ಣುಮಗಳು, ಹನ್ನೆರಡು ಕಾವ್ಯ ನಾಲಿಗಿ ಮ್ಯಾಲ. ಹಂಪಿ ವಿಶ್ವವಿದ್ಯಾಲಯದವರು ನಾಡೋಜ ಕೊಟ್ಟರು. 2014ರಾಗ ತೀರಿಕೊಂಡಳು.

ನಾನು: ಅವರು ಸಾಲು ಮುಗಿಸೋ ಮೊದಲೇ ಪಕ್ಕದ ಇಬ್ಬರು ಅದರ ತುದಿ ಹಿಡಿದು ಎತ್ತಿಕೊಳ್ತಾ ಇದ್ದರು. ಆಕೆಯ ಕೊನೆಯ ಅಕ್ಷರ, ಅವರ ಮೊದಲ ಅಕ್ಷರ, ಗುಮ್ಮಟೆಯ ಪೆಟ್ಟು, ಮೂರೂ ಒಂದೇ ಕಡೆ ಬೀಳೋದು. ಅದನ್ನ ಮೂರು ಮೈಕಿನಲ್ಲಿ ಹಿಡಿದು, ಕೂಡಿಸುವಾಗ ಆಕೆಯ ದನಿ ಸ್ಪಷ್ಟ ಆಗಲಿ ಅಂತ ಉಳಿದದ್ದನ್ನ ತಗ್ಗಿಸಿಬಿಟ್ಟರೆ ಕಥೆ ಉಳಿಯುತ್ತೆ, ಬುರ್ರಕಥೆ ಹೋಗುತ್ತೆ.

ಮಾಸ್ತರು: ತಪ್ಪಾದ್ರ ಮತ್ತ ಬಿಡಿಸಿ ಸರಿ ಮಾಡಿದ್ರಾತು.

ನಾನು: ಅದೇ ಆಗಲ್ಲ. ಬೆರೆಸೋ ಮೊದಲು ಬಿಡಿಬಿಡಿ, ಬೆರೆಸಿದ ಮೇಲೆ ನಿಮ್ಮ ದೊಡ್ಡ ಬಸವಣ್ಣ, ಏಕಶಿಲೆ. ಸಾರಿಗೆ ಬಿದ್ದ ಉಪ್ಪನ್ನ ಹೆಕ್ಕೋಕೆ ಆಗುತ್ತಾ? ಈಗ ಕಂಪ್ಯೂಟರಿಗೆ ಬುದ್ಧಿ ಕಲಿಸಿ ದನಿ ಬೇರೆ, ವಾದ್ಯ ಬೇರೆ ಮಾಡಿಸ್ತಾರೆ ಅನ್ನಿ. ಹಾರ್ಮೋನಿಯಂ ಜೊತೆ ಅದೇ ಸ್ವರ ಹಿಡಿದು ಹಾಡೋ ದನಿಯನ್ನ ಅದಕ್ಕೆ ಕೊಟ್ಟು ನೋಡಿದ್ದೆ. ಎರಡೂ ಹರಿದುಕೊಂಡು ಬಂದವು.

ಮಾಸ್ತರು: ನಿನಗ ಹಿಂಗ ಯಾವತ್ತಾರ ಆಗೈತೇನು?

ನಾನು: ನಮ್ಮ ಅಜ್ಜಿಯ ಸೋಬಾನೆ ಪದ. ಆಗಿನ್ನೂ ಕಲೀತಾ ಇದ್ದೆ. ಹಿಂದೆ ತಂಬೂರಿ ಶ್ರುತಿ ಬೆರೆಸಿದರೆ ಚೆಂದ ಅಂತ ಬೆರೆಸಿ, ಎಂಪಿ3 ಮಾಡಿ, ಕಂಪ್ಯೂಟರಿನಲ್ಲಿ ಜಾಗ ಇಲ್ಲ ಅಂತ ಮೂಲ ಅಳಿಸಿದೆ. ಅಜ್ಜಿ ನಡುನಡುವೆ ಮೊಮ್ಮಕ್ಕಳನ್ನ ಗದರೋದು, ಕೆಮ್ಮೋದು, ಎಲ್ಲಾ ಆ ತಂಬೂರಿಯ ಕೆಳಗೆ ಹೂತುಹೋಗಿದೆ. ಅಜ್ಜಿಗೆ ಜನ್ಮದಲ್ಲಿ ತಂಬೂರಿ ಗೊತ್ತಿರಲಿಲ್ಲ.

ಮಾಸ್ತರು: ...

ನಾನು: ದೊಡ್ಡವರೂ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರೇ ಬಿಡಿ. ಬೀಟಲ್ಸ್‌ನವರು 1967ರ ‘ಸಾರ್ಜೆಂಟ್ ಪೆಪರ್’ ಮಾಡಿದ್ದು ನಾಲ್ಕೇ ಟ್ರ್ಯಾಕಿನ ಟೇಪಿನಲ್ಲಿ. ನಾಲ್ಕೂ ತುಂಬಿದ ಮೇಲೆ ಅವನ್ನ ಒಂದೆರಡಕ್ಕೆ ಬೆರೆಸಿ ಇನ್ನೊಂದು ಟೇಪಿಗೆ ಇಳಿಸೋದು, ಖಾಲಿಯಾದ ಟ್ರ್ಯಾಕಿನಲ್ಲಿ ಮತ್ತೆ ಹಾಡೋದು. ಬೆರೆಸಿದ ಆ ಅಳತೆಯ ಮೇಲೇ ಮುಂದಿನ ಕಟ್ಟಡವೆಲ್ಲಾ ಏಳಬೇಕಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ. ನನಗೆ ಇತ್ತು.

ಮಾಸ್ತರು: ನಮ್ಮ ನಾಲ್ಕನ್ನ ಅಳಿಸಬ್ಯಾಡ ಮತ್ತ.

ನಾನು: ಎರಡು ಕಡೆ ಇಡ್ತೀನಿ. ಈಗ ಆ ಕರೆಂಟ್ ಹೋದ ಜಾಗ ನೋಡೋಣ. ಮೈಕ್‌ಸೆಟ್‌ದು ಇಲ್ಲಿ ಕಡಿದುಹೋಗಿದೆ, ಇಲ್ಲಿ ಮತ್ತೆ ಶುರು. ನೀವು ಹೇಳಿದ ಹಾಗೆ ಎರಡನ್ನೂ ಸುಮ್ಮನೆ ಪೋಣಿಸಿದ್ದರೆ ನಡುವಿನ ಹನ್ನೊಂದು ನಿಮಿಷ ಇರಲೇ ಇಲ್ಲ ಅನ್ನೋ ಹಾಗೆ ಆಗ್ತಿತ್ತು.

ಮಾಸ್ತರು: ಆ ಹನ್ನೊಂದು ನಿಮಿಷದಾಗ ಏನಿತ್ತು? ಜನರೇಟರ್ ಹಚ್ಚೋತನಕ ಕತ್ತಲಿ.

ನಾನು: ಕತ್ತಲೆಯಲ್ಲಿ ಆಟ ನಿಂತಿತ್ತಾ?

ಮಾಸ್ತರು: ಇಲ್ಲ. ದುಶ್ಯಾಸನ ಸೀರಿಗೆ ಕೈ ಹಾಕೋ ಹೊತ್ತಿಗೇ ಹೋತು. ದ್ರೌಪದಿ ಮೊರೆಯ ಪದ ಎತ್ತಿಬಿಟ್ಟಿದ್ದ, ಎತ್ತಿದ ಪದ ಇಳಿಸಬಾರದು. ಮೈಕ್ ಇಲ್ಲದೇ ಹಾಡಿದ. ಅವನ ಜೋಡಿ ಭಾಗವತರೂ ಎತ್ತಿದರು.

ನಾನು: ಹಾಗಾದ್ರೆ ಅದೇ ಬೇಕು. ಮೊಮ್ಮಗನದರಲ್ಲಿ ಬರೀ ಗರಗರ. ಟಾರ್ಚ್ ಹಚ್ಚಿ ಅಟ್ಟಕ್ಕೆ ಬೆಳಕು ಹಿಡಿದಿದ್ದಾನೆ, ಬೆರಳು ಮೈಕಿನ ಮೇಲೆ. ನಿಮ್ಮದರಲ್ಲಿ... ಸರ್, ನಿಮ್ಮದು ಇಲ್ಲೇ ನಿಂತಿದೆ.

ಮಾಸ್ತರು: ನಿಂತೈತಿ?

ನಾನು: ಕರೆ ಬಂದಿದೆ. ಕೆಲವು ಫೋನಿನಲ್ಲಿ ಕರೆ ಬಂದರೆ ರೆಕಾರ್ಡಿಂಗ್ ತಾನೇ ನಿಲ್ಲುತ್ತೆ, ಮತ್ತೆ ಯಾರಾದರೂ ಒತ್ತಬೇಕು. ಹನ್ನೆರಡು ನಿಮಿಷ ಆದ ಮೇಲೆ ಒತ್ತಿದ್ದೀರಿ. ಆ ನಿಲುಗಡೆ ಫೈಲಿನಲ್ಲಿ ಕಾಣಲ್ಲ, ಅಲ್ಲಿಂದ ಮುಂದೆ ನಿಮ್ಮ ಆಟ ಎಲ್ಲರಿಗಿಂತ ಹನ್ನೆರಡು ನಿಮಿಷ ಮುಂದೆ ಓಡ್ತಾ ಇದೆ. ನೋಡಿ, ಕತ್ತರಿಸಿ ಹಿಂದಕ್ಕೆ ಜರುಗಿಸಿದೆ, ಕೂಡ್ತು. ಆದರೆ ಪಕ್ಕದಲ್ಲೇ ಇದ್ದವರು ಆಗಲೇ ಯಾಕೆ ಒತ್ತಲಿಲ್ಲ?

ಮಾಸ್ತರು: ಮನೆಯಾಕಿ ಕರೆ ಇರಬೇಕು. ಕತ್ತಲಾಗ ಕಾಣಲಿಲ್ಲ. ಇಲ್ಲಾ ಕಣ್ಣು ಹತ್ತಿರಬೇಕು.

ನಾನು: ಉಳಿದದ್ದು ನೀವು ಬೇಡ ಅಂದದ್ದೊಂದೇ. ಚಾ ಅಂಗಡಿ.

ಆ ಟ್ರ್ಯಾಕನ್ನು ಒಂಟಿಯಾಗಿ ಹಾಕಿ, ಸದ್ದು ಏರಿಸಿದೆ. ಅಲ್ಲಿಯವರೆಗೆ ಮೈಕಿನ ಅಬ್ಬರ, ಸ್ಟೋವಿನ ಭರ್ರ್, ಲೋಟ ತೊಳೆಯುವ ಸದ್ದು. ಫಟ್ಟೆಂದು ಮೈಕ್ ಸತ್ತಿತು. ಜನ ಹೋ ಎಂದರು. ಹತ್ತಿರದಲ್ಲೇ ಆದೋನಿ ಕಡೆಯವನಿರಬೇಕು, ಒಬ್ಬ ತೆಲುಗಿನಲ್ಲಿ ‘ಕೃಷ್ಣುಡೇ ಕರೆಂಟು ತೀಸೇಶಾಡ್ರಾ’ (ಕೃಷ್ಣನೇ ಕರೆಂಟ್ ತೆಗೆದುಬಿಟ್ಟ ಕಣೋ) ಎಂದ. ಸುತ್ತಲಿದ್ದವರೆಲ್ಲ ನಕ್ಕರು. ಬಳ್ಳಾರಿ ಸೀಮೆಯಲ್ಲಿ ಅದನ್ನು ಯಾರೂ ಅನುವಾದಿಸಿ ಹೇಳಬೇಕಿಲ್ಲ. ನಗೆ ತಗ್ಗಿತು. ಸ್ಟೋವ್ ಯಾರೋ ಆರಿಸಿದರು. ಆಮೇಲೆ ಐವತ್ತು ಮೀಟರ್ ಆಚೆಯಿಂದ, ತೆಳುವಾಗಿ, ಆದರೆ ಒಂದಕ್ಷರವೂ ಬಿಡದೆ, ದ್ರೌಪದಿಯ ವೇಷ ಹಾಕಿದ ಆ ಗಂಡಸಿನ ದನಿ ಬಂತು. ಹೊಲದ ಮೇಲಿನ ಗಾಳಿ ಅದನ್ನು ಒಮ್ಮೆ ಹತ್ತಿರ ತಂದು ಒಮ್ಮೆ ದೂರ ಒಯ್ಯುತ್ತಿತ್ತು. ನಾಯಿ ಕೂಡ ಬೊಗಳಲಿಲ್ಲ. ಮಾಸ್ತರು ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು.

ಮಾಸ್ತರು: ಈ ಗಾಳಿ ಸದ್ದು ತೆಗೆಯಾಕ ಬರ್ತೈತೇನು?

ನಾನು: ಬರುತ್ತೆ. ಗದ್ದಲದ ಮಾದರಿ ತೋರಿಸಿ ಅಳಿಸು ಅಂದರೆ ಅಳಿಸುತ್ತೆ. ಜೊತೆಗೆ ದನಿಯ ಅಂಚನ್ನೂ ಕೆರೆದು ಹಾಕುತ್ತೆ, ನೀರೊಳಗೆ ಕೂತು ಹಾಡಿದ ಹಾಗೆ. ಇಲ್ಲಿ ಅದು ಬೇಡ ಅನ್ನಿಸುತ್ತೆ. ಈ ಹನ್ನೊಂದು ನಿಮಿಷಕ್ಕೆ ಚಾ ಅಂಗಡಿಯೇ ಮುಂದೆ, ಮಿಕ್ಕದ್ದೆಲ್ಲ ಮೌನ. ಮೈಕ್‌ಸೆಟ್‌ನ ಎರಡು ತುಂಡಿನ ನಡುವೆ ಇದೇ ಸೇತುವೆ. ಹೋಗುವಾಗ ಬರುವಾಗ ನಾಲ್ಕು ಸೆಕೆಂಡು ಒಂದನ್ನ ಇಳಿಸಿ ಇನ್ನೊಂದನ್ನ ಏರಿಸ್ತೀನಿ.

ಮಾಸ್ತರು: ಏಕಶಿಲೆ ಆಗಲಿಲ್ಲ ಹಂಗಾರ.

ನಾನು: ಇಲ್ಲ, ಕೂಡಿಸಿದ್ದು ಗೊತ್ತಾಗುತ್ತೆ. ಗೊತ್ತಾಗಲಿ ಬಿಡಿ, ಕರೆಂಟ್ ಹೋಗಿದ್ದು ನಿಜ ತಾನೆ. ಮತ್ತೆ ಫೈಲು, ಬಿಚ್ಚಿಟ್ಟ ಹಾಗೆ ವೇವ್ ರೂಪದಲ್ಲಿ ಕೊಟ್ಟರೆ ನಾಲ್ಕು ಜಿಬಿ ಹತ್ತಿರ. ಇಂಥ ಪೆನ್‌ಡ್ರೈವ್‌ಗಳು ನಾಲ್ಕು ಜಿಬಿ ದಾಟಿದ ಒಂದೇ ಫೈಲನ್ನ ಒಳಗೇ ಬಿಟ್ಟುಕೊಳ್ಳಲ್ಲ. ಇನ್ನು ಕಾಲು ಗಂಟೆ ಆಡಿದ್ದರೆ ನಿಮ್ಮ ಒಂದೇ ಫೈಲಿನ ಆಸೆ ಅಲ್ಲೇ ಮುರೀತಿತ್ತು. ಹಂಚೋಕೆ ಎಂಪಿ3 ಬೇರೆ ಮಾಡ್ತೀನಿ, ಮುನ್ನೂರ ಎಪ್ಪತ್ತು ಎಂಬಿ ಬರುತ್ತೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಹಾಕಿ ಕಳಿಸಿ.

ಮಾಸ್ತರು: ಮಂಡಳಿಯವರೆಲ್ಲರಿಗೂ ಒಂದೊಂದು ಮುಟ್ಟಿಸ್ತೀನಿ.

ನಾನು: ಕಳಿಸೋ ಮುಂಚೆ ಇದೊಂದು ಕೇಳಿಬಿಡಿ. ಪದದ ನಡುವೆ, ಫೋನಿಗೆ ಬಲು ಹತ್ತಿರ, ಯಾರೋ ಪಿಸುಗುಟ್ಟಿದ್ದಾರೆ.

(ಹೆಡ್‌ಫೋನಿನಿಂದ ಹೊರಗೂ ಕೇಳುವಷ್ಟು ಏರಿಸಿದೆ: ‘ಎರಡು ಚಾ ಕೊಡಪ್ಪಾ, ಒಂದು ಮಿರ್ಚಿ. ದುಡ್ಡು ಬೆಳಿಗ್ಗೆ, ಆಟ ಮುಗಿದ ಮ್ಯಾಲ.’ ಐದನೇ ತರಗತಿಯಲ್ಲಿ ನನಗೆ ಮಗ್ಗಿ ಹೇಳಿಕೊಟ್ಟ ದನಿ ಅದು.)

ಮಾಸ್ತರು: ...

ನಾನು: ತೆಗೀಲಾ ಸರ್? ಎರಡು ಸೆಕೆಂಡ್ ತಗ್ಗಿಸಿದರೆ ಯಾರಿಗೂ ಗೊತ್ತಾಗಲ್ಲ. ಅಲ್ಲಿ ಪದದ ಒಂದು ಎಳೆ ಮಾತ್ರ ಹೋಗುತ್ತೆ.

ಮಾಸ್ತರು: ಬ್ಯಾಡ. ಪದ ಇರಲಿ. ...ಚಾ ಅಂಗಡಿಯವನಿಗೂ ಒಂದು ಕಾಪಿ ಹೋಗ್ತೈತೇನು?

ನಾನು: ಹೋಗಬೇಕಲ್ಲ ಸರ್. ಈ ಹನ್ನೊಂದು ನಿಮಿಷ ಸಿಕ್ಕಿದ್ದೇ ಅವನ ಅಂಗಡಿಯಲ್ಲಿ.

ಮಾಸ್ತರು: ಹಂಗಾರ ನೀನು ಕಳಿಸೋದು ಸೋಮವಾರ ಕಳಿಸು. ಅಷ್ಟರಾಗ ನಾನೊಮ್ಮೆ ಕುರುಗೋಡು ಬಸ್ ಹತ್ತಿ ಬರ್ತೀನಿ. ಎರಡು ಚಾ, ಒಂದು ಮಿರ್ಚಿ... ಎಷ್ಟಾದೀತವ್ವಾ?